ಮಕ್ಕಳು ವಾದ ಮಾಡಲಿ, ಕಾಗದದ ಮೇಲೆ!

"ಅಮ್ಮಾ, ನಾಳೆ ಪ್ರಬಂಧ ಬರಕೊಂಡು ಬರಬೇಕಂತೆ!" ಮಕ್ಕಳಿಗೆ ಇದು ನೆನಪಾಗುವುದು ಯಾವಾಗ ಹೇಳಿ? ರಾತ್ರಿ ಒಲೆಯ ಮೇಲೆ ಸಾರು ಕುದಿಯುವಾಗ! ಆಗ ಗೈಡಿನಲ್ಲೋ ಮೊಬೈಲಿನಲ್ಲೋ ಸಿಕ್ಕಿದ್ದನ್ನು ನೋಡಿ ಗೀಚಿದರೆ ಆಯಿತು, ಕೆಲಸ ಮುಗಿಯಿತು. ಆದರೆ ಮಗು ಕಲಿತದ್ದೇನು?

ಸೋದರಿಯರೇ, ಪ್ರಬಂಧಗಳಲ್ಲಿ ಎರಡು ಬಗೆ. 'ನಮ್ಮ ಹಬ್ಬಗಳು' ಎಂಬುದು ಒಂದು ಬಗೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬಣ್ಣಿಸಿದರೆ ಸಾಕು. 'ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ನಂತರವೂ ಓದಬೇಕು' ಎಂಬುದು ಇನ್ನೊಂದು ಬಗೆ. ಇಲ್ಲಿ ಬಣ್ಣನೆ ಸಾಲದು, ಒಪ್ಪದವರನ್ನು ಒಪ್ಪಿಸಬೇಕು. ಇದೇನೂ ನಮಗೆ ಬಾರದ ವಿದ್ಯೆಯಲ್ಲ. ಮನೆಗೆ ಮಿಕ್ಸಿ ಬೇಕು ಅಂತ ಯಜಮಾನರನ್ನು ಒಪ್ಪಿಸಿದವರು ನಾವೇ ತಾನೇ? ರುಬ್ಬಿ ರುಬ್ಬಿ ತೋಳು ನೋಯುತ್ತೆ ಅಂದೆವು, ಬೆಲೆ ವಿಚಾರಿಸಿ ಹೇಳಿದೆವು, "ಕರೆಂಟ್ ಬಿಲ್ ಏರುತ್ತೆ" ಅನ್ನುವ ಮೊದಲೇ ಅದಕ್ಕೂ ಉತ್ತರ ಇಟ್ಟುಕೊಂಡಿದ್ದೆವು. ಅದನ್ನೇ ಮಕ್ಕಳಿಗೆ ಕಾಗದದ ಮೇಲೆ ಕಲಿಸಬೇಕು, ಅಷ್ಟೆ. ಮೇಲಿನ ವಿಷಯವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

1. ಯಾರಿಗೆ ಹೇಳುತ್ತಿದ್ದೀಯೆ?

ಬರೆಯುವ ಮೊದಲು ಮಗುವನ್ನು ಇದೊಂದು ಕೇಳಿ. "ಟೀಚರಿಗೆ" ಅಂದರೆ ಒಪ್ಪಬೇಡಿ, ಟೀಚರು ಮೊದಲೇ ಒಪ್ಪಿರುತ್ತಾರೆ! "ಓದಿದ್ದು ಸಾಕು, ಮನೆಗೆಲಸ ಕಲೀಲಿ" ಅನ್ನುವ ಒಬ್ಬ ಅಪ್ಪನನ್ನೋ ಅಜ್ಜಿಯನ್ನೋ ಕಣ್ಣಮುಂದೆ ತಂದುಕೊಳ್ಳಲಿ. ಅವರು ಕೆಟ್ಟವರಲ್ಲ, ಅವರಿಗೊಂದು ಭಯವಿದೆ. ಬೈದರೆ ಯಾರೂ ಒಪ್ಪುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಬರವಣಿಗೆಗೂ ಸಲ್ಲುತ್ತದೆ.

2. ಒಂದೇ ವಾಕ್ಯದಲ್ಲಿ ಹೇಳು

'ಶಿಕ್ಷಣ ಬಹಳ ಮುಖ್ಯ' ಎಂದರೆ ಅದು ವಾದವಲ್ಲ. ಅಲ್ಲ ಅನ್ನುವವರು ಯಾರಿದ್ದಾರೆ? 'ಹತ್ತನೆಯ ತರಗತಿ ಮುಗಿಸಿದ ಹುಡುಗಿಯನ್ನು ಮನೆಯವರು ಕಡೇಪಕ್ಷ ಪಿಯುಸಿ ಮುಗಿಸುವವರೆಗೆ ಓದಿಸಲೇಬೇಕು' ಎಂದರೆ ಅದು ವಾದ. ಪೀಠಿಕೆಯಲ್ಲೇ ಈ ವಾಕ್ಯ ಬರಲಿ. 'ಪುರಾತನ ಕಾಲದಿಂದಲೂ...' ಎಂಬ ಉದ್ದನೆಯ ರಾಗ ಬೇಡ.

3. ಆಧಾರ ಕೊಡು

ಪ್ರತಿ ಮಾತಿಗೂ "ಯಾಕೆ?" ಎಂದು ನೀವು ಕೇಳಬೇಕು. ಉತ್ತರ ಕಾನೂನಿನಲ್ಲಿ ಸಿಗಬಹುದು, ಚರಿತ್ರೆಯಲ್ಲಿ ಸಿಗಬಹುದು, ಕಣ್ಣೆದುರಿನ ಬದುಕಿನಲ್ಲೂ ಸಿಗಬಹುದು.

ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದು 6ರಿಂದ 14 ವರ್ಷದವರಿಗೆ. ಎಸ್ಸೆಸ್ಸೆಲ್ಸಿ ಮುಗಿಸುವ ಹುಡುಗಿಗೆ 15 ಅಥವಾ 16. ಎಂದರೆ ಅವಳನ್ನು ಓದಿಸುವ, ಬಿಡಿಸುವ ತೀರ್ಮಾನ ಮನೆಯವರ ಕೈಯಲ್ಲೇ ಇದೆ. ಇನ್ನು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ 18 ತುಂಬದೆ ಹುಡುಗಿಗೆ ಮದುವೆ ಮಾಡುವಂತಿಲ್ಲ. ಹಾಗಾದರೆ ನಡುವಿನ ಆ ಎರಡು ಮೂರು ವರ್ಷ ಏನು ಮಾಡುವುದು? ಪಿಯುಸಿಗೆ ಬೇಕಾದದ್ದು ಎರಡೇ ವರ್ಷ! ಲೆಕ್ಕ ಎಷ್ಟು ಚೆನ್ನಾಗಿ ಕೂಡಿತು ನೋಡಿ.

ಚರಿತ್ರೆ ಬೇಕೆ? 1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ ಎರಚುತ್ತಿದ್ದರೆಂದೂ, ಬದಲಿಸಲು ಆಕೆ ಇನ್ನೊಂದು ಸೀರೆ ಒಯ್ಯುತ್ತಿದ್ದರೆಂದೂ ಹೇಳುತ್ತಾರೆ.

ಮಗು ತನ್ನ ಬೀದಿಯಲ್ಲಿ ಕಂಡದ್ದನ್ನೂ ಸೇರಿಸಲಿ. ಬ್ಯಾಂಕಿನಲ್ಲಿ ಫಾರಂ ತುಂಬಲು ಕಂಡಕಂಡವರನ್ನು ಬೇಡುವ ಅಕ್ಕಂದಿರನ್ನು ಅದು ನೋಡಿಲ್ಲವೇ? ಆದರೆ 'ಶೇಕಡಾ 90 ಮಂದಿ' ಎಂದು ಬಾಯಿಗೆ ಬಂದ ಅಂಕಿ ಹಾಕುವುದು ಮಾತ್ರ ಕೂಡದು. ಒಂದು ಸುಳ್ಳು ಅಂಕಿ ಹತ್ತು ನಿಜಗಳನ್ನು ಕೆಡಿಸುತ್ತದೆ.

4. ಎದುರುಮಾತನ್ನು ನೀನೇ ಹೇಳು

ಮಕ್ಕಳು ಬಿಟ್ಟುಬಿಡುವುದು ಇದನ್ನೇ. ಪ್ರಬಂಧದ ಜೀವ ಇರುವುದೂ ಇಲ್ಲೇ. ಒಪ್ಪದವರ ಮಾತನ್ನು ಮರ್ಯಾದೆಯಿಂದ ಎತ್ತಿ ಹೇಳಿ, ಆಮೇಲೆ ಉತ್ತರಿಸಬೇಕು. ಹೀಗೆ:

'ಕಾಲೇಜು ತಾಲ್ಲೂಕಿನಲ್ಲಿದೆ, ಬಸ್ಸಿನ ಖರ್ಚು ಯಾರು ಕೊಡುತ್ತಾರೆ ಎಂದು ಹಿರಿಯರು ಕೇಳಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ದಾರಿಯಲ್ಲಿ ಏನಾದರೂ ಆದರೆ ಎಂಬ ಭಯವೂ ಅವರಿಗಿದೆ. ಆ ಭಯ ಸುಳ್ಳಲ್ಲ. ಆದರೆ ನಾಲ್ವರು ಹುಡುಗಿಯರು ಜೊತೆಯಾಗಿ ಹೋಗಿಬರುವುದು, ಸಂಜೆ ಯಾರಾದರೂ ಬಸ್‌ಸ್ಟ್ಯಾಂಡಿಗೆ ಬರುವುದು ಅದಕ್ಕೆ ಪರಿಹಾರ. ಓದು ಬಿಡಿಸುವುದು ಪರಿಹಾರವಲ್ಲ.'

'ಆ ಭಯ ಸುಳ್ಳಲ್ಲ' ಎಂಬ ಪುಟ್ಟ ಮಾತು ನೋಡಿ. ಎದುರಿನವರ ಮನಸ್ಸು ಮೆತ್ತಗಾಗುವುದು ಅಲ್ಲಿಯೇ.

5. ಕೊನೆಯಲ್ಲಿ ಒಂದು ಕೆಲಸ ಹೇಳು

ಉಪಸಂಹಾರದಲ್ಲಿ 'ಎಲ್ಲರೂ ಎಚ್ಚೆತ್ತುಕೊಳ್ಳಬೇಕು' ಎಂದರೆ ಯಾರೂ ಎಚ್ಚೆತ್ತುಕೊಳ್ಳುವುದಿಲ್ಲ! 'ಫಲಿತಾಂಶ ಬಂದ ವಾರದಲ್ಲೇ ಮಗಳೊಂದಿಗೆ ಕಾಲೇಜಿಗೆ ಹೋಗಿ ಅರ್ಜಿ ತನ್ನಿ' ಎನ್ನಲಿ. ಕೈಗೆಟುಕುವ ಕೆಲಸವನ್ನೇ ಜನ ಮಾಡುವುದು.

ತಾಯಂದಿರ ಪಾಲಿಗೆ

* ಪೀಠಿಕೆಗೆ ಒಂದು ಪ್ಯಾರಾ, ವಿಷಯಕ್ಕೆ ಮೂರು, ಉಪಸಂಹಾರಕ್ಕೆ ಒಂದು. ಇಷ್ಟು ಸಾಕು.
* ಬರೆಯುವ ಮೊದಲು ಐದು ನಿಮಿಷ ಅಂಶಗಳನ್ನು ಗುರುತು ಹಾಕಿಕೊಳ್ಳಲಿ. ಪರೀಕ್ಷೆಯಲ್ಲೂ ಇದೇ ಅಭ್ಯಾಸ ಕೈಹಿಡಿಯುತ್ತದೆ.
* ನೀವು ಹೇಳಿ ಬರೆಸಬೇಡಿ. ಹುರುಳಿಕಾಯಿ ಸೋಸುತ್ತಾ "ನಾನು ಒಪ್ಪೋಲ್ಲಪ್ಪ" ಅನ್ನುತ್ತಾ ಕೂತರೆ ಸಾಕು, ಉತ್ತರ ತಾನಾಗಿ ಹುಟ್ಟುತ್ತದೆ.
* ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಉಸಿರು ಕಟ್ಟುವಲ್ಲಿ ವಾಕ್ಯ ಕತ್ತರಿಸಿ.
* ಗಂಡುಮಗನಿಗೂ ಇದೇ ವಿಷಯ ಕೊಡಿ. ನಾಳೆ ಅವನೂ ಒಬ್ಬ ಅಪ್ಪ.

ನನ್ನ ಹಾಗೆ ಹೈಸ್ಕೂಲಿಗೇ ಓದು ನಿಂತವರು "ನಮಗೇನು ಗೊತ್ತು" ಅಂತ ಹಿಂಜರಿಯಬೇಡಿ. ವ್ಯಾಕರಣ ಟೀಚರು ತಿದ್ದುತ್ತಾರೆ, "ಯಾಕೆ?" ಅನ್ನುವ ಪ್ರಶ್ನೆ ಕೇಳಲು ಡಿಗ್ರಿ ಬೇಕಿಲ್ಲ. ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಸಿಗುವುದು ನಾಲ್ಕೈದು ಅಂಕ. ಆದರೆ ಎಷ್ಟೋ ಹುಡುಗಿಯರ ಓದು ನಿಂತದ್ದು ಅಂಕ ಸಾಲದೆ ಅಲ್ಲ, ಮನೆಯ ಜಗಲಿಯಲ್ಲಿ ತೀರ್ಮಾನವಾದಾಗ ಅವರಿಗೆ ಬಾಯಿ ಬರಲಿಲ್ಲ, ಅದಕ್ಕೆ. ಅಳದೆ, ಸಿಟ್ಟಾಗದೆ, ಒಂದೊಂದೇ ಕಾರಣ ಎಣಿಸಿ ಹೇಳುವುದನ್ನು ಕಾಗದದ ಮೇಲೆ ಕಲಿತವಳಿಗೆ ಆ ದಿನ ಮಾತು ಸಿಕ್ಕೀತು. ಪಕ್ಕದಲ್ಲಿ ನೀವೂ ಇದ್ದರೆ ಇನ್ನೂ ಒಳ್ಳೆಯದು.