ಗುರುಗ್ರಹದ ಧ್ವನಿ

ನಾಸಿಕದ ಸಿಂಹಸ್ಥ ಪರ್ವವು ಹನ್ನೆರಡು ವರ್ಷಗಳಿಗೊಮ್ಮೆ ಏಕೆ ಬರುವುದೆಂಬುದನ್ನು ನೀವು ಹಿರಿಯರಿಂದ ಕೇಳಿರಬಹುದು. ಗುರುಗ್ರಹವು ಸೂರ್ಯನನ್ನು ಸುತ್ತಿ ಮರಳಿ ಸಿಂಹರಾಶಿಗೆ ಬರಲು ಸುಮಾರು ಹನ್ನೆರಡು ವರ್ಷಗಳು, ಸರಿಯಾಗಿ ಹೇಳುವುದಾದರೆ 11.86 ವರ್ಷಗಳು ಬೇಕು. ಈ ಲೆಕ್ಕವು ವಿಜ್ಞಾನಿಗಳ ತಪ್ಪೊಂದನ್ನು ತಿದ್ದಿದ ಕಥೆಯನ್ನು ಇಲ್ಲಿ ಹೇಳುತ್ತೇನೆ.

1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಎಂಬವರು ಮೇರಿಲೆಂಡಿನ ಬಯಲಿನಲ್ಲಿ ತಂತಿಗಳನ್ನು ಕಟ್ಟಿ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ದಾಖಲೆ ಮಾಡುತ್ತಿದ್ದರು. ಕಾಗದದ ಮೇಲೆ ಆಗಾಗ ವಿಚಿತ್ರ ಗೀರುಗಳು ಮೂಡಿದವು. ಯಾವುದೋ ಮೋಟಾರುಗಾಡಿಯ ಕಿಡಿಯ ಉಪದ್ರವವೆಂದು ಮೊದಲು ಭಾವಿಸಿದರು. ಗ್ರಹಗಳ ಸ್ಥಾನದೊಡನೆ ಹೋಲಿಸಿ ನೋಡಿದಾಗ ಅದು ಗುರುವಿನಿಂದಲೇ ಬರುತ್ತಿದೆಯೆಂದು ತಿಳಿಯಿತು. ಷಾರ್ಟ್‌ವೇವ್ ರೇಡಿಯೋವಿನಲ್ಲಿ ಅದು ದಡಕ್ಕೆ ಬಡಿಯುವ ಕಡಲಿನ ಅಲೆಯಂತೆ ಕೇಳಿಸುತ್ತದೆ.

ಮುಂದಿನ ವರ್ಷಗಳಲ್ಲಿ ಸೂರ್ಯನ ಮೇಲಿನ ಕಲೆಗಳು ಹೆಚ್ಚಿದವು. ಗುರುವಿನ ಧ್ವನಿಯು ಕೇಳಿಬರುವುದು ವಿರಳವಾಯಿತು. ಕಲೆಗಳು ಇಳಿದವು, ಧ್ವನಿಯು ಮರಳಿತು. ಕಲೆಗಳ ಏರಿಳಿತದ ಅವಧಿ ಸುಮಾರು 11 ವರ್ಷ. ಆದುದರಿಂದ ಸೂರ್ಯನೇ ಇದಕ್ಕೆ ಕಾರಣನೆಂದು ಹಲವರು ತರ್ಕಿಸಿದರು. ಆದರೆ 11ಕ್ಕೂ 11.86ಕ್ಕೂ ಇರುವ ಅಂತರ ಸುಮಾರು ಹತ್ತು ತಿಂಗಳು ಮಾತ್ರ. ಒಂದೇ ಸುತ್ತಿನಲ್ಲಿ ಅದು ಹೇಗೆ ಗೋಚರವಾದೀತು? ಫ್ಲಾರಿಡಾ ವಿಶ್ವವಿದ್ಯಾನಿಲಯದವರು 1957ರಿಂದ ವರ್ಷವರ್ಷವೂ ಬಿಡದೆ ದಾಖಲೆ ಇಟ್ಟರು. ದಾಖಲೆ ಬೆಳೆದಂತೆ ಕಲೆಗಳೂ ಧ್ವನಿಯೂ ಜೊತೆ ತಪ್ಪಿದವು. ಧ್ವನಿಯು ಗುರುವಿನ ಪ್ರದಕ್ಷಿಣೆಯ ಅವಧಿಯನ್ನೇ ಅನುಸರಿಸಿತು.

ಇದರ ಕಾರಣವು ಸ್ವಾರಸ್ಯವಾಗಿದೆ. ಗುರುವಿನ ಅಕ್ಷವು ಸುಮಾರು 3 ಅಂಶ ಮಾತ್ರ ವಾಲಿದೆ. ಹೀಗಾಗಿ ನಾವು ಆ ಗ್ರಹವನ್ನು ಕೆಲವು ವರ್ಷ ಕೊಂಚ ಉತ್ತರದ ಕಡೆಯಿಂದಲೂ ಕೆಲವು ವರ್ಷ ಕೊಂಚ ದಕ್ಷಿಣದ ಕಡೆಯಿಂದಲೂ ನೋಡುತ್ತೇವೆ. ಗುರುವಿನ ರೇಡಿಯೋ ಅಲೆಗಳಾದರೋ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ. ದೀಪಸ್ತಂಭದ ಬೆಳಕಿನಂತೆ ತೆಳುವಾದ ಕಿರಣಪಟ್ಟಿಯಾಗಿ ಹೊರಡುತ್ತವೆ. ಮೂರು ಅಂಶದಷ್ಟು ಸರಿದರೂ ಆ ಪಟ್ಟಿಯು ಭೂಮಿಯನ್ನು ತಾಕದೆ ಹೋಗಬಹುದು. ಎಂದರೆ, ಬಹುಮಟ್ಟಿಗೆ ಬದಲಾದುದು ಗುರುವಿನ ಧ್ವನಿಯಲ್ಲ, ಕೇಳುವ ನಮ್ಮ ಸ್ಥಾನ!

ಎರಡು ಸಂಗತಿಗಳು ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದು. ಒಂದೇ ಪರೀಕ್ಷೆಯ ಅಂಕಗಳನ್ನು ಕಂಡು ಹುಡುಗನನ್ನು ಮಂದಮತಿಯೆಂದು ನಿರ್ಣಯಿಸುವ ನನ್ನಂಥ ಉಪಾಧ್ಯಾಯರಿಗೂ ಗುರುಗ್ರಹವು ಈ ಪಾಠವನ್ನು ಕಲಿಸುತ್ತಿದೆ.