ಅಕ್ಕನಿಗೆ 500, ತಮ್ಮನಿಗೆ 2,200

ನ್ಯೂಜೆರ್ಸಿಯಲ್ಲಿರುವ ಒಂದು ಕನ್ನಡದ ಕುಟುಂಬವನ್ನು ಕಣ್ಮುಂದೆ ತಂದುಕೊಳ್ಳಿ. ಅಪ್ಪನದು ಎಚ್-1ಬಿ ವೀಸಾ. ಅಮ್ಮ, ಮಗಳು ಅವನ ಅವಲಂಬಿತರಾಗಿ ಎಚ್-4ರ ಮೇಲೆ ಇದ್ದಾರೆ. ಹತ್ತು ವರ್ಷದ ಮಗಳು ಮೈಸೂರಿನಲ್ಲಿ ಹುಟ್ಟಿದವಳು, ನಾಲ್ಕು ವರ್ಷದ ಮಗ ಅಮೆರಿಕದಲ್ಲೇ ಹುಟ್ಟಿದವನು. ಇಬ್ಬರೂ ಉಣ್ಣುವುದು ಒಂದೇ ಅಡುಗೆ, ತೆರಿಗೆ ಕಟ್ಟುವವನು ಒಬ್ಬನೇ ಅಪ್ಪ. ಆದರೂ 2025ರ ರಿಟರ್ನ್‌ನಲ್ಲಿ ಮಗನ ಹೆಸರಿಗೆ 2,200 ಡಾಲರ್ ಇಳಿದರೆ ಮಗಳ ಹೆಸರಿಗೆ ಇಳಿಯುವುದು 500 ಮಾತ್ರ. ಇದು ಯಾಕೆಂದು ಗೊತ್ತಾದರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಎಂಬ ಅಮೆರಿಕದ ತೆರಿಗೆ ರಿಯಾಯಿತಿಯ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಮೊದಲು ಮೂಲ ಸಂಗತಿಗಳು. ಭಾರತದಲ್ಲಿ 80ಸಿ ಎಂದು ಪರಿಚಿತವಾದ ಕಡಿತ ಆದಾಯದಿಂದ ಕಳೆಯುತ್ತದೆ; ಕ್ರೆಡಿಟ್ ಕಳೆಯುವುದು ತೆರಿಗೆಯ ಮೊತ್ತದಿಂದಲೇ. ಹಾಗಾಗಿ ಇದರ ಒಂದೊಂದು ಡಾಲರೂ ಪೂರ್ತಿ ಡಾಲರೇ. ಈ ಕ್ರೆಡಿಟ್ 1997ರ ಕಾನೂನಿನಿಂದ ಬಂದದ್ದು. ಮೊದಲ ವರ್ಷ ಮಗುವಿಗೆ 400 ಡಾಲರ್ ಇತ್ತು. ವರ್ಷದ ಕೊನೆಗೆ ಮಗುವಿಗೆ 17 ತುಂಬಿರಬಾರದು, ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮ ಜೊತೆಗಿರಬೇಕು. ಗಂಡಹೆಂಡಿರ ಜಂಟಿ ಆದಾಯ 4 ಲಕ್ಷ ಡಾಲರ್ ದಾಟಿದರೆ ಕ್ರೆಡಿಟ್ ಕರಗತೊಡಗುತ್ತದೆ. ಕಟ್ಟಬೇಕಾದ ತೆರಿಗೆಯೇ ಕಡಿಮೆಯಿದ್ದರೆ, ದುಡಿಮೆಯ ಆದಾಯ ನೋಡಿಕೊಂಡು, 2025ಕ್ಕೆ ಮಗುವೊಂದಕ್ಕೆ 1,700 ಡಾಲರ್‌ವರೆಗೆ ಕೈಗೇ ಬರಬಹುದು.

ಜನ ಎಡವುವ ಮೊದಲ ಜಾಗ ‘ನಿವಾಸಿ’ ಎಂಬ ಪದ. ಮಗು ಅಮೆರಿಕದ ಪ್ರಜೆಯಲ್ಲದಿದ್ದರೆ ನಿವಾಸಿಯಾದರೂ ಆಗಿರಬೇಕು ಎನ್ನುತ್ತದೆ ಕಾನೂನು. ಗ್ರೀನ್ ಕಾರ್ಡ್ ಇಲ್ಲವಲ್ಲ ಎಂದು ಅಷ್ಟಕ್ಕೇ ಕೈಚೆಲ್ಲುವವರಿದ್ದಾರೆ. ತೆರಿಗೆಯವರು ಗ್ರೀನ್ ಕಾರ್ಡ್ ಇಲ್ಲದವರ ದಿನಗಳನ್ನು ಎಣಿಸುತ್ತಾರೆ. ಈ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು. ಈ ವರ್ಷದ ಎಲ್ಲ ದಿನಗಳು, ಹೋದ ವರ್ಷದ್ದರಲ್ಲಿ ಮೂರನೆಯ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೆಯ ಒಂದು ಪಾಲು ಸೇರಿ 183 ಆಗಬೇಕು. ಏಪ್ರಿಲ್ 1ಕ್ಕೆ ಬಂದು ಅಲ್ಲೇ ಉಳಿದ ಎಚ್-4 ಮಗುವಿಗೆ ಡಿಸೆಂಬರ್ ಮುಗಿಯುವಾಗ 275 ದಿನ, ಅಂದರೆ ನಿವಾಸಿ. ಆಗಸ್ಟ್ 1ಕ್ಕೆ ಬಂದದ್ದಕ್ಕೆ 153 ದಿನ, ಸಾಲದು. ಓದಲು ಎಫ್-1ರ ಮೇಲೆ ಬಂದವರ, ಜೊತೆಗೆ ಎಫ್-2ರ ಮೇಲೆ ಬಂದ ಮಕ್ಕಳ ದಿನಗಳನ್ನು ಸಾಮಾನ್ಯವಾಗಿ ಐದು ಕ್ಯಾಲೆಂಡರ್ ವರ್ಷ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಸೆಂಬರ್ 31ಕ್ಕೆ ಬಂದಿಳಿದರೂ ಆ ಐದರಲ್ಲಿ ಒಂದು ವರ್ಷ ಮುಗಿದಂತೆಯೇ!

ಹಾಗಾದರೆ ವರ್ಷವಿಡೀ ಅಲ್ಲೇ ಇದ್ದ ನಮ್ಮ ಮೈಸೂರಿನ ಹುಡುಗಿ ನಿವಾಸಿಯೇ. ಅವಳನ್ನು ತಡೆಯುವುದು ಒಂದು ನಂಬರ್. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಲೀಸಾಗಿ ಸಿಗುತ್ತದೆ. ಎಚ್-4 ಮಗುವಿಗೆ ದುಡಿಯುವ ಅನುಮತಿ ಇಲ್ಲ. ಅನುಮತಿ ಇಲ್ಲದವರಿಗೆ ಸಾಮಾನ್ಯವಾಗಿ ಆ ನಂಬರ್ ಇಲ್ಲ. ಅವಳಿಗೆ ಸಿಗುವುದು ಐಟಿನ್, 9ರಿಂದ ಶುರುವಾಗುವ ಒಂಬತ್ತು ಅಂಕಿಯ ತೆರಿಗೆ ಗುರುತು. 2017ರವರೆಗೆ ಐಟಿನ್ ಇದ್ದ ಮಕ್ಕಳಿಗೂ ಪೂರ್ತಿ ಕ್ರೆಡಿಟ್ ಸಿಗುತ್ತಿತ್ತು. 2018ರಿಂದ ಕೆಲಸಕ್ಕೆ ಸಲ್ಲುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವ ಮಗುವಿಗೆ ಮಾತ್ರ ಎಂದಾಯಿತು. ಉಳಿದವರಿಗೆ ಇತರ ಅವಲಂಬಿತರ ಲೆಕ್ಕದಲ್ಲಿ 500. 2025ರ ಜುಲೈ 4ರಂದು ಸಹಿಯಾದ ಕಾನೂನು ಈ ನಿಯಮವನ್ನು ಖಾಯಂ ಮಾಡಿತು. ಜೊತೆಗೆ ತಂದೆತಾಯಿಯರಿಗೂ ಆ ನಂಬರ್ ಬೇಕು ಎಂದಿತು. ಜಂಟಿ ರಿಟರ್ನ್‌ನಲ್ಲಿ ಇಬ್ಬರಲ್ಲೊಬ್ಬರಿಗೆ ಇದ್ದರೆ ಸಾಕು, ಹಾಗಾಗಿ ನಮ್ಮ ಕಥೆಯ ಅಮ್ಮನದು ಐಟಿನ್ ಆದರೂ ತೊಂದರೆಯಿಲ್ಲ. ಹತ್ತು ವರ್ಷದ ಮಗುವಿಗೆ ದುಡಿಯುವ ಅನುಮತಿ ಕೇಳುವ ಈ ನಿಯಮ ನನಗೆ ನ್ಯಾಯವಾಗಿ ಕಂಡಿಲ್ಲ. ಗ್ರೀನ್ ಕಾರ್ಡಿಗೆ ಭಾರತೀಯರ ಸಾಲು ಎಷ್ಟು ಉದ್ದವೆಂದರೆ, ಸರದಿ ಬರುವುದರೊಳಗೆ ಎಷ್ಟೋ ಮಕ್ಕಳಿಗೆ 17 ತುಂಬಿಬಿಡುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ನಾನು ಯಾವಾಗಲೂ ಒತ್ತಿ ಹೇಳುವಂಥದ್ದು. ನಂಬರ್ ಇದ್ದರೆ ಸಾಲದು, ಅದು ಗಡುವಿನೊಳಗೆ ಬಂದಿರಬೇಕು. ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿರುವಾಗ ದುಡಿಯುವ ಅನುಮತಿ ಬಂದು, ಮಗಳಿಗೆ 2026ರ ಆಗಸ್ಟ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಕ್ಕಿತೆನ್ನಿ. ಅಪ್ಪ ಏಪ್ರಿಲ್ 15ರೊಳಗೆ ಗಡುವು ವಿಸ್ತರಣೆ ಕೇಳಿದ್ದರೆ ಅಕ್ಟೋಬರ್ 15ರವರೆಗೆ ಕಾಲವಿದೆ, 2025ರ ಕ್ರೆಡಿಟ್ಟನ್ನೂ ಕೇಳಬಹುದು. ವಿಸ್ತರಣೆ ಕೇಳದೆ ಏಪ್ರಿಲ್‌ನಲ್ಲೇ ರಿಟರ್ನ್ ಸಲ್ಲಿಸಿದ್ದರೆ, ಆಮೇಲೆ ತಿದ್ದುಪಡಿ ರಿಟರ್ನ್ ಹಾಕಿ ಆ ವರ್ಷದ್ದನ್ನು ಪಡೆಯಲಾಗದು. ನೆನಪಿಡಿ, ವಿಸ್ತರಣೆ ರಿಟರ್ನ್‌ಗೆ ಮಾತ್ರ. ಕಟ್ಟಬೇಕಾದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಬೇಕು.

500 ಡಾಲರ್‌ಗೂ ಇದೇ ಶಿಸ್ತು ಬೇಕು. ಗಡುವಿನೊಳಗೆ ಐಟಿನ್‌ಗೆ ಡಬ್ಲ್ಯೂ-7 ಅರ್ಜಿಯನ್ನಾದರೂ ಹಾಕಿರಬೇಕು.

ಆದ್ದರಿಂದ ರಿಟರ್ನ್ ತುಂಬುವ ಮೊದಲು ಒಂದು ಸಂಜೆ ಮನೆಮಂದಿಯ ಸೋಶಿಯಲ್ ಸೆಕ್ಯುರಿಟಿ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ. ‘ಕೆಲಸಕ್ಕೆ ಸಲ್ಲದು’ ಎಂದು ಅಚ್ಚಾಗಿದೆಯೇ, ಅಥವಾ ‘ಗೃಹಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಸಲ್ಲುತ್ತದೆ’ ಎಂದಿದೆಯೇ ನೋಡಿ. ಮೊದಲನೆಯ ಕಾರ್ಡಿಗೆ ಕ್ರೆಡಿಟ್ ಇಲ್ಲ. ಎರಡನೆಯದಕ್ಕೆ, ಅನುಮತಿ ಜಾರಿಯಲ್ಲಿದ್ದರೆ, ಇದೆ. ಆಮೇಲೆ ಈ ಕ್ರೆಡಿಟ್ಟಿನ ಲೆಕ್ಕ ಹಾಕುವ ಷೆಡ್ಯೂಲ್ 8812ರ ಆ ವರ್ಷದ ಸೂಚನೆಗಳನ್ನು ತೆರೆದು ನೀವೇ ಓದಿ. ಬೇರೆಯವರಿಗೆ ದುಡ್ಡು ಕೊಟ್ಟು ರಿಟರ್ನ್ ಮಾಡಿಸುವವರೂ ದಯವಿಟ್ಟು ಒಮ್ಮೆ ಓದಿ.