ಪ್ಯಾನೆಲ್ ಕೆಳಗಿನ ಒಂದು ಗೇಣು ಮಣ್ಣು

ಮೈಸೂರಿನ ಸಿದ್ಧಾರ್ಥನಗರದಲ್ಲಿ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವವರಿಗೆ ಮಣ್ಣಿನ ಚಿಂತೆಯಿಲ್ಲ. ಪಾವಗಡದ ಕಥೆ ಬೇರೆ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ 2019ರ ಕೊನೆಗೆ ಪೂರ್ತಿಯಾಯಿತು. ರೈತರು ಜಮೀನು ಮಾರಿಲ್ಲ; ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಒಂದು ದಿನ ಅದು ಮರಳಿ ಕೈಗೆ ಬರಬೇಕು. ಎಂಥ ಜಮೀನಾಗಿ ಬರುತ್ತದೆ?

ಹಾನಿಯೆಲ್ಲ ಪ್ಯಾನೆಲ್‌ನದೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೆರಳಿನಲ್ಲಿ ನೆಲ ತಂಪಾಗಿರುತ್ತದೆ, ತೇವ ಬೇಗ ಆರುವುದಿಲ್ಲ. ತೊಂದರೆ ಅದರ ಅಂಚಿನಲ್ಲಿ. ಇಡೀ ಪ್ಯಾನೆಲ್ ಮೇಲೆ ಬಿದ್ದ ಮಳೆ ಒಂದೇ ಗೆರೆಯಲ್ಲಿ ಸುರಿದು, ಹುಲ್ಲಿಲ್ಲದ ಕಡೆ ಸಣ್ಣ ಕೊರಕಲು ತೋಡುತ್ತದೆ.

ದೊಡ್ಡ ಪೆಟ್ಟು ಬೀಳುವುದು ಅದಕ್ಕೂ ಮೊದಲು, ಜೆಸಿಬಿ ನೆಲ ಸಮ ಮಾಡುವಾಗ. ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ಸಾರವೆಲ್ಲ ಮೇಲಿನ ಒಂದು ಗೇಣಿನಲ್ಲೇ ಇರುತ್ತದೆ. ಹುಲ್ಲಿನ ಬೀಜ, ಬೇರಿಗೆ ಆಹಾರ ಒದಗಿಸುವ ಶಿಲೀಂಧ್ರ, ಕೊಳೆತ ಎಲೆ ಎಲ್ಲವೂ ಅಲ್ಲೇ. ಅದನ್ನು ಕೆರೆದು ಕೆಳಗಿನ ಗರಸಿನ ಜೊತೆ ಬೆರೆಸಿದರೆ ಬೀಜ ಮೊಳೆಯದಷ್ಟು ಆಳಕ್ಕೆ ಹೋಗುತ್ತದೆ. ಮೇಲೆ ಲಾರಿ ಓಡಾಡಿದರೆ ನೆಲ ಗಟ್ಟಿಯಾಗಿ, ನೀರು ಇಂಗದೆ ಹರಿದುಹೋಗುತ್ತದೆ. ಮಲೆನಾಡಿನಲ್ಲಾದರೆ ಕೆಲವೇ ಮಳೆಗಾಲದಲ್ಲಿ ಹಸಿರು ಮುಚ್ಚೀತು. ಇಲ್ಲಿ ಮಳೆಯೇ ಕಡಿಮೆ, ಅದೂ ನಾಲ್ಕಾರು ಬಿರುಸಿನ ದಿನಗಳಲ್ಲಿ ಮುಗಿದುಹೋಗುತ್ತದೆ. ಕೆದಕಿದ ನೆಲಕ್ಕೆ ಮೊದಲು ಬರುವುದು ಕಾಂಗ್ರೆಸ್ ಗಿಡ, ಹಿಂದೆಯೇ ಬಳ್ಳಾರಿ ಜಾಲಿ. ಕುರಿಗೆ ಬೇಕಾದ ಹುಲ್ಲು ತಡವಾಗಿ ಬರುತ್ತದೆ.

ಹಾಗಾಗಿ ಕೇಬಲ್ ಚರಂಡಿ ತೋಡುವಾಗ ಮೇಲ್ಮಣ್ಣನ್ನು ಒಂದು ಬದಿ, ಕೆಳಮಣ್ಣನ್ನು ಇನ್ನೊಂದು ಬದಿ ಹಾಕಿ, ಮುಚ್ಚುವಾಗ ಮೇಲ್ಮಣ್ಣನ್ನು ಕೊನೆಗೆ ಹರಡಬೇಕು. ವರ್ಷಗಟ್ಟಲೆ ಎತ್ತರದ ಗುಡ್ಡೆಯಾಗಿ ಬಿಟ್ಟರೆ ಅದರೊಳಗಿನ ಜೀವ ಸಾಯುತ್ತದೆ. ಇಳಿಜಾರಿದ್ದಲ್ಲಿ ನೆಲ ಸಮ ಮಾಡುವ ಬದಲು ಕಂಬದ ಎತ್ತರ ಹೊಂದಿಸಬಹುದು; ಹಳೆಯ ಬದು ಉಳಿಯುತ್ತದೆ. ಪ್ಯಾನೆಲ್‌ಗೆ ನೆರಳಾಗದಂತೆ ಗಡಿಯಂಚಿನಲ್ಲಿ ತಂಗಡಿ ಬಿತ್ತಬಹುದು. ಸಾಲುಗಳ ನಡುವಿನ ಹುಲ್ಲಿಗೆ ಕಳೆನಾಶಕ ಹೊಡೆಯುವ ಬದಲು ಕುರಿ ಬಿಟ್ಟರೆ ಗೊಬ್ಬರವೂ ಸಿಗುತ್ತದೆ.

ಜಮೀನು ಚೇತರಿಸಿದೆಯೇ ಎಂದು ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ತಳ ಕತ್ತರಿಸಿದ ಡಬ್ಬವನ್ನು ನೆಲಕ್ಕೆ ಎರಡು ಬೆರಳು ಆಳಕ್ಕೆ ಒತ್ತಿ, ಒಂದು ಲೋಟ ನೀರು ಹಾಕಿ, ಇಂಗಲು ಹಿಡಿಯುವ ಹೊತ್ತು ಬರೆದಿಡಿ. ಪಕ್ಕದ ಕಡಲೆಕಾಯಿ ಹೊಲದಲ್ಲೂ ಅದೇ ದಿನ ಹಾಗೇ ಮಾಡಿ. ಗುತ್ತಿಗೆ ಕೊಡುವವರು ಸಹಿ ಹಾಕುವ ಮೊದಲೇ ಈ ಲೆಕ್ಕವನ್ನೂ ಹೊಲದ ಫೋಟೊಗಳನ್ನೂ ಕರಾರಿಗೆ ಲಗತ್ತಿಸಲಿ.